ಗರ್ಭಕೋಶ ಜಾರುವಿಕೆಯ ಚಿಕಿತ್ಸೆಯಲ್ಲಿ ಕೇಳದೆ ಉಳಿದ ಪ್ರಶ್ನೆ

ಕಿಬ್ಬೊಟ್ಟೆಯ ಕೆಳಗೆ ಎಲುಬಿನ ಬೋಗುಣಿಯಂತಿರುವ ಶ್ರೋಣಿಯ ತಳದಲ್ಲಿ ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಹೊತ್ತು ನಿಂತ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ, ಕೆಲವೊಮ್ಮೆ ಹರಿದು, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಇನ್ನಷ್ಟು ಸಡಿಲಗೊಂಡಾಗ, ಈ ಅಂಗಗಳು ಯೋನಿಯೊಳಕ್ಕೆ ಅಥವಾ ಯೋನಿದ್ವಾರದ ಹೊರಕ್ಕೇ ಇಳಿಯುವುದುಂಟು. ವೈದ್ಯರು ಇದನ್ನು ಶ್ರೋಣಿ ಅಂಗಗಳ ಜಾರುವಿಕೆ ಎನ್ನುತ್ತಾರೆ. ಹಳ್ಳಿಯ ಹೆಂಗಸರು ಗರ್ಭಚೀಲ ಜಾರಿದೆ ಎನ್ನುತ್ತಾರೆ, ಅದನ್ನೂ ಹೆಚ್ಚಾಗಿ ತಗ್ಗಿದ ದನಿಯಲ್ಲಿ.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಒಣಗಿಸುವ ಬ್ಯಾರನ್‌ಗೆ ಸಾಗಿಸುವುದು, ಹೊಳೆನರಸೀಪುರದ ಗದ್ದೆಬಯಲಿನಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವುದು, ಚನ್ನರಾಯಪಟ್ಟಣದ ಕಡೆ ಡೈರಿಗೆ ಹಾಲು ಕೊಡುವ ಹಸುಗಳಿಗೆ ಹುಲ್ಲಿನ ಹೊರೆ ತರುವುದು, ಇವೆಲ್ಲ ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸಿ ಸಡಿಲಗೊಂಡ ತಳದ ಮೇಲೆ ಭಾರ ಹೇರುವ ಕೆಲಸಗಳು. ಬಾಣಂತನ ಸಾಕಷ್ಟು ಸಿಗದೆ ಹಸಿ ಮೈಯಲ್ಲೇ ಕೆಲಸಕ್ಕೆ ಮರಳಿದವಳಿಗೆ ಅಪಾಯ ಇನ್ನೂ ಹೆಚ್ಚು. ಮೂತ್ರಕ್ಕೆ ಕುಳಿತಾಗ ಉಬ್ಬನ್ನು ಬೆರಳಿನಿಂದ ಒಳಕ್ಕೆ ಒತ್ತಿಕೊಂಡು, ಸೀರೆಯ ಅಂಚಿಗೆ ಉಜ್ಜಿ ಹುಣ್ಣಾದರೂ ಬಾಯಿಬಿಡದೆ, ಗಂಡನ ಜೊತೆ ಮಲಗುವುದನ್ನು ಒಂದಲ್ಲ ಒಂದು ನೆಪ ಹೇಳಿ ತಪ್ಪಿಸುತ್ತ ವರ್ಷಗಳನ್ನು ಕಳೆಯುವುದು ಈ ಕಾಯಿಲೆಯ ಮಾಮೂಲಿ ಚರಿತ್ರೆ. ರಾಣಿ ಬಂಗ್ ಮತ್ತು ಅಭಯ್ ಬಂಗ್ ಅವರು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 92ರಷ್ಟು ಮಂದಿಗೆ ಸ್ತ್ರೀರೋಗ ಅಥವಾ ಲೈಂಗಿಕ ರೋಗವಿತ್ತು. ಅದಕ್ಕೆ ಮೊದಲು ಸ್ತ್ರೀರೋಗ ಪರೀಕ್ಷೆಗೆ ಒಳಗಾಗಿದ್ದವರು ಶೇ. 8 ಮಾತ್ರ.

ಇಷ್ಟು ತಡವಾಗಿ ಬಂದವಳಿಗೆ ನಮ್ಮ ವೈದ್ಯಪದ್ಧತಿ ಸಾಮಾನ್ಯವಾಗಿ ಮುಂದಿಡುವ ಉತ್ತರ ಒಂದೇ, ಗರ್ಭಕೋಶ ತೆಗೆಸುವುದು. 2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಂಥ ಒಳ್ಳೆಯ ಯೋಜನೆಯೂ ಶಸ್ತ್ರಚಿಕಿತ್ಸೆಯ ಖರ್ಚನ್ನು ಭರಿಸುವುದಕ್ಕೆಂದೇ ರೂಪುಗೊಂಡದ್ದು. ಕತ್ತರಿಗೆ ಹಣ ಸಿಗುವ ಕಡೆ ವ್ಯಾಯಾಮ ಕಲಿಸುವವರಿಗೆ ಸಿಗುವುದಿಲ್ಲ. ಗರ್ಭಕೋಶ ತೆಗೆಸಿಕೊಂಡ 15ರಿಂದ 49 ವರ್ಷದ ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಇದ್ದ ಮಧ್ಯಕ ವಯಸ್ಸು 34 ಎಂದು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತು. ಇವುಗಳಲ್ಲಿ ಹೆಚ್ಚಿನವು ಅತಿ ರಕ್ತಸ್ರಾವಕ್ಕೆಂದು ನಡೆದವು, ಜಾರುವಿಕೆಗಲ್ಲ, ನಿಜ; ಆದರೆ ಮಕ್ಕಳಾದ ಮೇಲೆ ಗರ್ಭಕೋಶದಿಂದ ಪ್ರಯೋಜನವಿಲ್ಲವೆಂಬ ಎಣಿಕೆ ಎರಡೂ ಕಡೆ ಒಂದೇ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆಗಳ ದೂರು ಕೇಳಿಬಂದದ್ದೂ, 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಿದ್ದೂ ಈ ಎಣಿಕೆಯ ಫಲವೇ.

ಶಸ್ತ್ರಚಿಕಿತ್ಸೆಯನ್ನೇ ದೂಷಿಸುವುದು ನ್ಯಾಯವಲ್ಲ. ಗರ್ಭಕೋಶ ಪೂರ್ತಿ ಹೊರಬಂದ ವಯಸ್ಸಾದ ಹೆಂಗಸಿಗೆ ಅದು ದೊಡ್ಡ ಬಿಡುಗಡೆ, ಮತ್ತು ಉಬ್ಬಿನ ನಾಚಿಕೆ ಹೋದ ಮೇಲೆ ದಾಂಪತ್ಯ ಸುಧಾರಿಸಿದವರೂ ಬಹಳ. ಕೊರತೆಯಿರುವುದು ಅಳತೆಗೋಲಿನಲ್ಲಿ. 1996ರಿಂದ ಬಳಕೆಯಲ್ಲಿರುವ ಪಿಒಪಿ-ಕ್ಯೂ ಎಂಬ ಕ್ರಮ ಅಂಗ ಎಷ್ಟು ಸೆಂಟಿಮೀಟರ್ ಇಳಿದಿದೆಯೆಂದು ಅಳೆದು ಸೊನ್ನೆಯಿಂದ ನಾಲ್ಕರವರೆಗೆ ಹಂತ ಕೊಡುತ್ತದೆ. ಸೇರುವಾಗ ನೋವಿದೆಯೇ, ಮೂತ್ರ ಸೋರುವ ಭಯವಿದೆಯೇ, ಆಸೆ ಉಳಿದಿದೆಯೇ ಎಂದು ಕೇಳುವ ಪಿಸ್ಕ್-12 ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿಯೂ 2003ರಿಂದ ಇದೆಯಾದರೂ, ಜನ ತುಂಬಿದ ಹೊರರೋಗಿ ವಿಭಾಗದಲ್ಲಿ, ಪಕ್ಕದಲ್ಲೇ ಅತ್ತೆಯೋ ಗಂಡನೋ ನಿಂತಿರುವಾಗ, ಅದನ್ನು ಕೇಳುವವರು ಯಾರು? ಕೇಳದೆ ಮಾಡಿದ್ದರ ಬೆಲೆ ಅಲ್ಪವಲ್ಲ: ಯೋನಿಯ ಹಿಂಗೋಡೆಯನ್ನು ಬಿಗಿಮಾಡುವ ಹೊಲಿಗೆ ಅತಿಯಾದರೆ ಅಳತೆಯಲ್ಲಿ ಎಲ್ಲ ಸರಿಯಾಗಿ ಕಂಡರೂ ಆಕೆಗೆ ಸಂಭೋಗ ಅಸಾಧ್ಯವಾಗುವಷ್ಟು ನೋವು ಉಳಿಯಬಹುದು; ಗರ್ಭಕೋಶ ಹೋದ ಮೇಲೆ ಯೋನಿಯ ಮೇಲ್ತುದಿಯೇ ಜಾರಿ ಮತ್ತೆ ಆಪರೇಷನ್ ಬೇಕಾಗಬಹುದು.

ಪರ್ಯಾಯಗಳಲ್ಲಿ ಮುಖ್ಯವಾದದ್ದು ಪೆಸರಿ, ಅಂದರೆ ಸಿಲಿಕೋನಿನ ಮೆತ್ತನೆಯ ಉಂಗುರ. ಅದನ್ನು ಎರಡಾಗಿ ಮಡಚಿ ಒಳಗಿಟ್ಟರೆ ಬಿಚ್ಚಿಕೊಂಡು ಅಂಗಗಳನ್ನು ಮೇಲೆ ಹಿಡಿದಿಡುತ್ತದೆ. ಅಳತೆ ಸರಿಯೇ ಎಂದು ತಿಳಿಯಲು ಅಲ್ಲೇ ಕೆಮ್ಮಿಸಿ, ಕುಕ್ಕರಗಾಲಿನಲ್ಲಿ ಕೂರಿಸಿ, ಮೂತ್ರ ಸಲೀಸಾಗಿ ಹೋಗುತ್ತದೆಯೇ ಎಂದು ನೋಡಿ ಕಳಿಸುತ್ತಾರೆ. ಕಲಿತವಳು ತಾನೇ ತೆಗೆದು ತೊಳೆದು ಹಾಕಿಕೊಳ್ಳಬಹುದು. ಉಂಗುರವಿದ್ದರೂ ಸಂಭೋಗಕ್ಕೆ ಅಡ್ಡಿಯಿಲ್ಲ. ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಒಬ್ಬೊಬ್ಬರಿಗೂ ಕಲಿಸಿದರೆ ತೊಂದರೆ ತಗ್ಗುವುದೆಂದು 447 ಮಹಿಳೆಯರ ಮೇಲಿನ ಪಾಪಿ (POPPY) ಎಂಬ ಪ್ರಯೋಗ 2014ರಲ್ಲಿ ತೋರಿಸಿತು. ಆಪರೇಷನ್ನೇ ಬೇಕಾದರೂ ಗರ್ಭಕೋಶವನ್ನು ಉಳಿಸಿ ಮೇಲಕ್ಕೆ ಬಿಗಿದು ನಿಲ್ಲಿಸಬಹುದು: ಡಚ್ಚರ ಸೇವ್-ಯು ಪ್ರಯೋಗದಲ್ಲಿ, 2015ರ ವರದಿಯ ಪ್ರಕಾರ, ಒಂದು ವರ್ಷದ ಕೊನೆಗೆ ಅದು ತೆಗೆಯುವುದಕ್ಕಿಂತ ಕಳಪೆಯಾಗಿರಲಿಲ್ಲ. ಎಳೆಯ ವಯಸ್ಸಿನವರಿಗೆಂದು ಇಂಥ ಶಸ್ತ್ರಚಿಕಿತ್ಸೆಗಳನ್ನು ರೂಪಿಸಿದವರಲ್ಲಿ ಮುಂಬೈಯ ಶಿರೋಡ್ಕರ್ ಮತ್ತು ಪುರಂದರೆ ಅವರೇ ಮುಂಚೂಣಿಯವರಾಗಿರುವಾಗ, ಇದನ್ನು ವಿದೇಶಿ ಬೆಡಗೆಂದು ತಳ್ಳಿಹಾಕುವಂತಿಲ್ಲ.

ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ ಹಿಡಿದು ಈ ತಾಲ್ಲೂಕು ಆಸ್ಪತ್ರೆಗಳವರೆಗೆ, ಉಂಗುರವನ್ನು ಅಳತೆ ನೋಡಿ ಹಾಕಬಲ್ಲ ಒಬ್ಬ ದಾದಿ, ರೋಗಿಯೊಬ್ಬಳೇ ಕುಳಿತು ಮಾತಾಡಬಹುದಾದ ಒಂದು ಕೋಣೆ, ಕೇಸ್ ಶೀಟಿನಲ್ಲಿ ದಾಂಪತ್ಯದ ಬಗ್ಗೆ ಒಂದು ಸಾಲು ಇರಬೇಕೆಂಬುದು ದುಬಾರಿ ಬೇಡಿಕೆಯಲ್ಲ. ಗರ್ಭಕೋಶ ತೆಗೆಸಲು ಸಲಹೆ ಪಡೆದ ಹೆಣ್ಣುಮಕ್ಕಳು ರಿಂಗ್ ಹಾಕಿ ನೋಡಬಹುದೇ, ಉಳಿಸಿ ಸರಿಪಡಿಸಬಹುದೇ ಎಂದು ಮೊದಲು ಕೇಳಲಿ. ಮೂತ್ರ ಕಟ್ಟಿದರೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.