ಬೀಗ ಹಾಕಿದ ಶುದ್ಧ ನೀರು

ಗೌರಿಬಿದನೂರು ಕಡೆ ನಮ್ಮ ನೆಂಟರ ಊರಲ್ಲೊಂದು ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಕ್ಯಾನ್ ತುಂಬಬೇಕು. ನಾನು ಹೋದಾಗ ಬೀಗ. ಮೆಂಬ್ರೇನ್ ಕೆಟ್ಟು ತಿಂಗಳುಗಳಾದವಂತೆ. ಗೋಡೆ ಮೇಲೆ ಕಂಪನಿಯ ಹೆಸರು ಮಾತ್ರ ಫಳಫಳ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕುಡಿಯುವ ನೀರೂ ಆ ಪಟ್ಟಿಯಲ್ಲಿದೆ. ಒಳ್ಳೇದೇ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಿ ಹೋದರೂ ವರ್ಷಪೂರ್ತಿ ಹರಿಯೋ ನದಿಯಿಲ್ಲ. ಬೋರ್‌ವೆಲ್ಲೇ ಗತಿ, ಜೊತೆಗೆ ಫ್ಲೋರೈಡ್ ಕಾಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ತಿರುಗುತ್ತೆ. ಇನ್ನೂ ಹೆಚ್ಚಾದರೆ ದೊಡ್ಡವರ ಮಂಡಿ, ಸೊಂಟ ಬಿಗಿಯುತ್ತೆ. ಘಟಕ ಬೇಡ ಅನ್ನೋಕಾಗಲ್ಲ.

ನನ್ನ ತಕರಾರು ಬೇರೆ. ಕಟ್ಟಿದ ಖರ್ಚು ವಾರ್ಷಿಕ ವರದಿಯಲ್ಲಿ ಫೋಟೋ ಸಮೇತ ಬರುತ್ತೆ. ನಡೆಸೋ ಖರ್ಚು ಯಾರ ಲೆಕ್ಕ? ಆರ್‌ಒ ಯಂತ್ರ ಉಗುಳೋ ನೀರಿನಲ್ಲಿ ಉಪ್ಪು, ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತೆ. ಅದು ಚರಂಡಿಗೆ ಹೋಗಿ ಊರ ನೆಲಕ್ಕೇ ಇಳಿಯುತ್ತೆ. ಅದರ ಬದಲು ಕೆರೆ ಹೂಳೆತ್ತಿಸಿ ಮಳೆನೀರು ನಿಲ್ಲಿಸಬಹುದಿತ್ತು. ಆದರೆ ಹೂಳಿನ ಮುಂದೆ ನಿಂತು ರಿಬ್ಬನ್ ಕತ್ತರಿಸೋದು ಅಷ್ಟು ಚೆಂದ ಕಾಣಲ್ಲ ನೋಡಿ.

ಅಜ್ಜಿ ಮತ್ತೆ ಬೋರ್‌ವೆಲ್ ನೀರೇ ಹಿಡೀತಿದ್ರು. "ಕಂಪನಿಯೋರಿಗೆ ಫೋನ್ ಮಾಡ್ಲಿಲ್ವಾ ಅಜ್ಜಿ?" ಅಂದೆ.

"ಬೋರ್ಡ್‌ನಾಗೆ ಹೆಸ್ರು ಐತೆ. ನಂಬರ್ ಎಲ್ಲೈತಪ್ಪಾ?"