ಅಂಬಾಸಿಡರ್ ಎದೆಯೊಳಗಿನ ಎಂಜಿಎ

ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂದರೆ ದಾವಣಗೆರೆಯವರು ನಕ್ಕಾರು. ನಮ್ಮೂರ ಪಿ.ಬಿ. ರಸ್ತೆಗೆ ಎಂಜಿಎಯಂಥ ಕಾರು ಎಲ್ಲಿಂದ ಬರಬೇಕು? ಬರಲಿಲ್ಲ ನಿಜ, ಅದರ ಗುಂಡಿಗೆ ಮಾತ್ರ ಇಲ್ಲಿ ದಶಕಗಟ್ಟಲೆ ಮದುವೆ ದಿಬ್ಬಣ ಹೊತ್ತು ತಿರುಗಿದೆ. 1955ರಲ್ಲಿ ಬಂದ ಎಂಜಿಎಯ 1489 ಸಿಸಿ ಬಿಎಂಸಿ ಬಿ-ಸೀರೀಸ್ ಎಂಜಿನ್ನೇ ಮುಂದೆ ನಮ್ಮ ಅಂಬಾಸಿಡರ್‌ಗೂ ಬಂತು. ಅಲ್ಲಿ ಎರಡು ಎಸ್‌ಯು ಕಾರ್ಬುರೇಟರ್, ಇಲ್ಲಿ ಒಂದು. ಅಲ್ಲಿ ಇಬ್ಬರಿಗೆ ಸೀಟು. ಇಲ್ಲಿ ಎಷ್ಟು ಜನರಿಗೆ ಅಂತ ಕೇಳಬಾರದು.

ಆ ಎಂಜಿನ್ ಇಳಿಸಿ ಹೊಸಕಾಲದ್ದು ಕೂರಿಸುವುದನ್ನು ಅಪಚಾರ ಎನ್ನುವವರಿದ್ದಾರೆ. 1990ರ ದಶಕದಲ್ಲಿ ಹಿಂದುಸ್ತಾನ್ ಮೋಟರ್ಸೇ ಅಂಬಾಸಿಡರ್‌ಗೆ 1817 ಸಿಸಿಯ ಇಸುಝು ಎಂಜಿನ್ನನ್ನೂ ಐದು ಗೇರನ್ನೂ ಕೊಟ್ಟಿತು. ಅದಕ್ಕೂ ಮುಂಚೆ, 1973ರಲ್ಲಿ, ಎಂಜಿಎಯ ತಮ್ಮ ಎಂಜಿಬಿ ಜಿಟಿಗೆ ರೋವರ್‌ನ ಮೂರೂವರೆ ಲೀಟರಿನ ವಿ-8 ಹಾಕಿದ್ದೂ ಕಂಪನಿಯವರೇ. ಹೆತ್ತವರಿಗೇ ಇಲ್ಲದ ಮಡಿ ನಮಗೇಕೆ?

ಇಸುಝು ತನ್ನ ಗೇರ್‌ಬಾಕ್ಸ್ ಸಮೇತ ಬಂದರೆ ಅರ್ಧ ತಲೆನೋವು ಕಡಿಮೆ. ಬೇರೆ ಎಂಜಿನ್ ತಂದು ಹಳೆಯ ಗೇರ್‌ಬಾಕ್ಸ್‌ಗೆ ಜೋಡಿಸುವ ಹುಚ್ಚಿದ್ದರೆ ನಡುವೆ ಒಂದು ಅಡಾಪ್ಟರ್ ಪ್ಲೇಟ್ ಬೇಕು. ನೋಡಲು ಬರೀ ತೂತು ಕೊರೆದ ತಗಡು. ನನ್ನ ಮೊದಲ ಪ್ಲೇಟು ಯಾವುದೋ ಊರಿನಲ್ಲಿ ಕಣ್ಣಳತೆಯಲ್ಲಿ ಮಾಡಿದ್ದು. ಮೂರೇ ತಿಂಗಳಿಗೆ ಗೇರ್‌ಬಾಕ್ಸಿನ ಬೇರಿಂಗ್ ಅಳತೊಡಗಿತು.

ಕೊನೆಗೆ ಹರಿಹರಕ್ಕೆ ಹೋದೆ. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಇಲ್ಲಿಂದ ದೇಶಕ್ಕೆಲ್ಲ ಲೇತ್ ಕಳಿಸಿತು. ಕಾರ್ಖಾನೆ ಮುಚ್ಚಿದರೂ ಲೇತುಗಳು ತಿರುಗುತ್ತಿವೆ, ಕೈಗಳೂ ಪಳಗಿವೆ. ಅಲ್ಲಿನ ಮೇಸ್ತ್ರಿಯೊಬ್ಬರು ಫ್ಲೈವೀಲಿನ ಮೇಲೆ ಡಯಲ್ ಗೇಜ್ ಕೂರಿಸಿ, ಬೆಲ್ ಹೌಸಿಂಗ್‌ನ ಬಾಯಿಗೆ ಅದರ ಮುಳ್ಳು ತಾಗಿಸಿ, ಕ್ರ್ಯಾಂಕ್ ಅನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. "ಎಂಜಿನ್ ಎತ್ತಿ ಕೂರ್ಸೋದು ಯಾರ್ ಬೇಕಾದ್ರೂ ಮಾಡ್ತಾರೆ ಸಾರ್. ಸೆಂಟ್ರು ಔಟ್ ಐತೆ ನೋಡ್ರಿ." ಕ್ರ್ಯಾಂಕಿನ ನಡುವಿಗೂ ಗೇರ್‌ಬಾಕ್ಸಿನ ನಡುವಿಗೂ ಸಹಿಸಬಹುದಾದ ವ್ಯತ್ಯಾಸ ಐದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಐದು ಪಾಲು. ನನ್ನದು ಇಪ್ಪತ್ತು ದಾಟಿತ್ತು! ಹೊಸ ಪ್ಲೇಟಿಗೆ ಅವರು ಮೊದಲು ನಡುವಿನ ಬೋರ್ ತಿರುಗಿಸಿದರು, ಬೋಲ್ಟಿನ ತೂತುಗಳು ಆಮೇಲೆ. ಬೋಲ್ಟು ಬಿಗಿಯುವುದಕ್ಕಷ್ಟೇ, ಸೆಂಟರ್ ಹಿಡಿಯುವುದಕ್ಕಲ್ಲವಂತೆ. ಅದಕ್ಕೆ ಎರಡು ಡೋವೆಲ್ ಪಿನ್ನು.

ಬ್ರೇಕಿನ ಮಾತು ಬೇರೆ ಹೇಳಬೇಕಿಲ್ಲ. ಹಳೆಯ ಡ್ರಮ್ಮಿನ ಮೇಲೆ ಹೊಸ ಎಂಜಿನ್ನಿನ ವೇಗ ನಂಬಿದವನನ್ನು ದೇವರೇ ಕಾಯಬೇಕು.

ಕಾಗದಪತ್ರವೂ ಇದೆ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಎಂಜಿನ್ ಮೂಲದ್ದೇ ಇರಬೇಕು. ಹಾಗಾಗಿ ನಿಜವಾದ ಎಂಜಿಎ ಕೈಗೆ ಸಿಕ್ಕರೆ ನಾನಂತೂ ಸ್ಪ್ಯಾನರ್ ಮುಟ್ಟಲಾರೆ. ಅಂಬಾಸಿಡರ್‌ಗೆ ಮಾಡಿ; ಆದರೆ ಗಾಡಿಯ ಮೈಗೆ ಗ್ಯಾಸ್ ಕಟರ್ ಹಿಡಿಯಬೇಡಿ, ಇಳಿಸಿದ ಎಂಜಿನ್ನನ್ನು ಗುಜರಿಗೆ ಹಾಕಬೇಡಿ. ನನ್ನದು ಗ್ರೀಸು ಬಳಿಸಿಕೊಂಡು, ಗೋಣಿಚೀಲ ಹೊದ್ದು ಹಿತ್ತಿಲ ಶೆಡ್ಡಿನಲ್ಲಿ ಕೂತಿದೆ. ಅದರ ಮೇಲೆ ಮನೆಯವಳು ಮಂಡಕ್ಕಿ ಡಬ್ಬ ಇಟ್ಟಿದ್ದಾಳೆ.