ಬರೆದ ಕಾನೂನು, ಬರೆಯದ ನ್ಯಾಯ

ಕಾಸರಗೋಡಿನ ಎಡನೀರು ಮಠ ಯಕ್ಷಗಾನ ಮತ್ತು ಸಂಗೀತದ ಆಶ್ರಯಸ್ಥಾನವೆಂದು ನಾವೆಲ್ಲರೂ ಬಲ್ಲೆವು. ಆ ಮಠದ ಅಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರನ್ನು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಓದಿಯೇ ಮುಂದೆ ಹೋಗಬೇಕು. ಕೇರಳದ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿ ಅವರು 1970ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಮೊಕದ್ದಮೆಯ ತೀರ್ಪು 1973ರ ಏಪ್ರಿಲ್ 24ರಂದು ಹೊರಬಿತ್ತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಹೇಳಿತು. ಈ ತೀರ್ಪನ್ನು ನೈಸರ್ಗಿಕ ಕಾನೂನಿನ ವಿಜಯವೆಂದು ಕೊಂಡಾಡುವ ರೂಢಿಯೊಂದಿದೆ. ಆ ಓದು ಎಷ್ಟು ಸರಿ ಎಂಬುದೇ ಈ ಬರಹದ ವಿಚಾರ.

ಇಲ್ಲಿ ‘ನಿಸರ್ಗ’ ಎಂದರೆ ಗಾಳಿ, ಮಳೆ, ಕಾಡು ಅಲ್ಲ. ಅರಸನೋ ಸಭೆಯೋ ಮಾಡಿದ ಕಾನೂನಿಗಿಂತ ಹಿಂದಿನದೂ ಮೇಲಿನದೂ ಆದ, ಮನುಷ್ಯನ ವಿವೇಕಕ್ಕೆ ತಾನಾಗಿ ಎಟಕುವ ನ್ಯಾಯವೊಂದಿದೆ ಎಂಬುದು ಈ ತತ್ತ್ವದ ಸಾರ. 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದಕ್ಕೆ ಶಾಸ್ತ್ರದ ರೂಪ ಕೊಟ್ಟನು. 17ನೆಯ ಶತಮಾನದಲ್ಲಿ ಜಾನ್ ಲಾಕ್ ಇದರಿಂದ ಜೀವ, ಸ್ವಾತಂತ್ರ್ಯ, ಆಸ್ತಿಗಳ ಹಕ್ಕನ್ನು ತೆಗೆದನು. ಮುಂದೆ ಬೆಂಥಾಮ್ ಇದನ್ನು ಹುರುಳಿಲ್ಲದ ಮಾತೆಂದು ತಳ್ಳಿಹಾಕಿದನು. ಅವನ ಸಂಶಯ ಪೊಳ್ಳಲ್ಲ. ನಿಸರ್ಗದ ಹೆಸರಿನಲ್ಲಿಯೇ ಅರಿಸ್ಟಾಟಲ್ ಗುಲಾಮಗಿರಿಯನ್ನು ಸಮರ್ಥಿಸಿದ್ದನು. ನಮ್ಮಲ್ಲಿ ಹುಟ್ಟಿನ ಮೇಲುಕೀಳುಗಳನ್ನು ಸಹಜವೆಂದು ಸಾರಿದ ಶಾಸ್ತ್ರಗಳಿಗೂ ಕೊರತೆಯಿಲ್ಲ. ಬರೆಯದ ನ್ಯಾಯವನ್ನು ಓದಿ ಹೇಳುವವರು ಯಾರು ಎಂಬ ಪ್ರಶ್ನೆ ಈ ತತ್ತ್ವವನ್ನು ಎಂದೂ ಬಿಟ್ಟಿಲ್ಲ.

ನಾಟ್ಸಿ ಆಡಳಿತದ ಅನುಭವ ಈ ಚರ್ಚೆಗೆ ಮರುಜೀವ ಕೊಟ್ಟಿತು. ಸಹಿಸಲಾರದಷ್ಟು ಅನ್ಯಾಯವಾದ ಕಾನೂನು ನ್ಯಾಯಕ್ಕೆ ದಾರಿ ಬಿಡಬೇಕೆಂದು ಜರ್ಮನಿಯ ಗುಸ್ಟಾವ್ ರಾಡ್‌ಬ್ರುಖ್ 1946ರಲ್ಲಿ ಬರೆದನು. ಕೆಟ್ಟ ಕಾನೂನೂ ಕಾನೂನೇ, ಅದನ್ನು ಪಾಲಿಸಬಾರದೆಂಬುದು ಬೇರೆಯ ಮಾತು ಎಂದು 1958ರಲ್ಲಿ ಎಚ್.ಎಲ್.ಎ. ಹಾರ್ಟ್ ವಾದಿಸಿದನು. ಅವನಿಗೆ ಉತ್ತರ ಕೊಟ್ಟ ಲಾನ್ ಫುಲ್ಲರ್ ನ್ಯಾಯವನ್ನು ಆಕಾಶದಲ್ಲಿ ಹುಡುಕಲಿಲ್ಲ. ಕಾನೂನು ಪ್ರಕಟವಾಗಿರಬೇಕು, ಸ್ಪಷ್ಟವಾಗಿರಬೇಕು, ಹಿಂದಿನ ನಡತೆಗೆ ಇಂದು ಶಿಕ್ಷೆ ವಿಧಿಸಬಾರದು, ಅಧಿಕಾರಿಗಳೂ ಅದರಂತೆ ನಡೆಯಬೇಕು ಎಂಬಂತಹ ಎಂಟು ಲಕ್ಷಣಗಳನ್ನು ಅವನು 1964ರ ಗ್ರಂಥದಲ್ಲಿ ವಿವರಿಸಿ, ಅವೇ ಕಾನೂನಿನ ಒಳನೀತಿ ಎಂದನು. ಜಾಣನಾದ ಕ್ರೂರಿಯೂ ಈ ಎಂಟನ್ನು ಪಾಲಿಸಬಲ್ಲನು ಎಂಬ ಹಾರ್ಟನ ಆಕ್ಷೇಪ ಬಲವಾದುದು. ಆದರೆ ಕ್ರೂರಿಗಳು ಸಾಮಾನ್ಯವಾಗಿ ಮೊದಲು ಮುರಿಯುವುದೂ ಈ ಲಕ್ಷಣಗಳನ್ನೇ ಎಂಬುದನ್ನು ನಾವು ಮರೆಯಲಾಗದು.

ಈಗ 1973ರ ತೀರ್ಪಿಗೆ ಬರೋಣ. ಬಹುಮತದ ತಕ್ಕಡಿಯನ್ನು ವಾಲಿಸಿದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು, ನೈಸರ್ಗಿಕ ಹಕ್ಕುಗಳ ಹೆಸರಿನಲ್ಲಿ ತಿದ್ದುಪಡಿಯ ಅಧಿಕಾರಕ್ಕೆ ಮಿತಿ ಹಾಕಲಾಗದೆಂದು ಸ್ಪಷ್ಟವಾಗಿಯೇ ಬರೆದರು. ಅಂತಹ ಹಕ್ಕು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಕಾಯ್ದೆಯಲ್ಲಿಯೋ ಸಂವಿಧಾನದಲ್ಲಿಯೋ ಸೇರಿರಬೇಕು ಎಂಬುದು ಅವರ ನಿಲುವು. ಅವರು ಮಿತಿಯನ್ನು ಕಂಡದ್ದು ‘ತಿದ್ದುಪಡಿ’ ಎಂಬ ಪದದ ಅರ್ಥದಲ್ಲಿ: ತಿದ್ದಿದ ಮೇಲೂ ಹಳೆಯದು ಉಳಿದಿರಬೇಕು. ಆಸ್ತಿಯ ಹಕ್ಕು ಮೂಲರಚನೆಗೆ ಸೇರಿದ್ದಲ್ಲವೆಂದೂ ಅವರು ಹೇಳಿದರು. ಇದು ಚಿಕ್ಕ ಸಂಗತಿಯಲ್ಲ. ಲಾಕ್‌ನ ಮಾತನ್ನು ಹಾಗೆಯೇ ಎತ್ತಿಕೊಂಡಿದ್ದರೆ ಗೇಣಿ ಒಕ್ಕಲಿಗೆ ಭೂಮಿ ಕೊಟ್ಟ ಕಾಯ್ದೆಗಳ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಎಡನೀರಿನ ಹೆಸರು ಉಳಿಯಿತು, ಭೂಸುಧಾರಣೆಯೂ ಉಳಿಯಿತು.

ಹಾಗಾದರೆ ನೈಸರ್ಗಿಕ ಕಾನೂನು ಸೋತಿತೇ? ಮೂರು ವರ್ಷಗಳ ಬಳಿಕ ಅದೇ ನ್ಯಾಯಮೂರ್ತಿಗಳ ಎದುರು ತುರ್ತುಪರಿಸ್ಥಿತಿಯ ಬಂದಿಗಳ ಪ್ರಶ್ನೆ ಬಂದಿತು. ಜಬಲ್ಪುರ ಪ್ರಕರಣದಲ್ಲಿ, 1976ರ ಏಪ್ರಿಲ್ 28ರಂದು, ಬಂಧನವನ್ನು ಪ್ರಶ್ನಿಸುವ ಹಕ್ಕು ಆಗ ಇಲ್ಲವೆಂದು ನಾಲ್ವರು ತೀರ್ಪಿತ್ತರು. ಒಬ್ಬರೇ ಭಿನ್ನಮತ ಬರೆದರು. ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಲಾಗದೆಂಬ ತತ್ತ್ವ 21ನೆಯ ವಿಧಿಯಿಂದ ಹುಟ್ಟಿದ್ದಲ್ಲ, ಸಂವಿಧಾನಕ್ಕಿಂತ ಮೊದಲೇ ಇತ್ತು ಎಂದು ಖನ್ನಾ ಸಾರಿದರು. 1977ರಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗೆ ತಪ್ಪಿತು. ಅವರು ರಾಜೀನಾಮೆ ಕೊಟ್ಟರು.

ಇವೆರಡು ನಿಲುವುಗಳಲ್ಲಿ ವಿರೋಧ ಕಾಣುವವರಿದ್ದಾರೆ. ನಮಗೆ ಹಾಗೆ ತೋರದು. ಎರಡರಲ್ಲಿಯೂ ಅವರು ಹೊರಗಿನ ನ್ಯಾಯವನ್ನು ಕರೆತರಲಿಲ್ಲ. ಯಾವುದನ್ನು ಕಳೆದುಕೊಂಡರೆ ಕಾನೂನು ಕಾನೂನಾಗಿ ಉಳಿಯದೋ ಅದನ್ನು ಕಾನೂನಿನೊಳಗೇ ತೋರಿಸಿದರು. ಇದು ಲಾಕ್‌ಗಿಂತ ಫುಲ್ಲರನಿಗೆ ಹತ್ತಿರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ 2017ರ ಪೀಠ ಜಬಲ್ಪುರ ತೀರ್ಪನ್ನು ತಳ್ಳಿಹಾಕಿ, ಅಲ್ಲಿನ ಮುಖ್ಯ ಬರಹ ಜೀವ ಮತ್ತು ಸ್ವಾತಂತ್ರ್ಯವನ್ನು ನೈಸರ್ಗಿಕ ಹಕ್ಕುಗಳೆಂದೇ ಕರೆಯಿತು. ಮಾತು ದೊಡ್ಡದು. ಆದರೆ ನಿರ್ಭಯದ ಕಾಲದ ದೊಡ್ಡ ಮಾತಿಗಿಂತ ಭಯದ ಕಾಲದ ಅಳತೆಯ ಮಾತೇ ನಮಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಗಡಿನಾಡಿನ ನಮಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಮಗು ತಾಯ್ನುಡಿಯಲ್ಲಿ ಅಕ್ಷರ ಕಲಿಯುವುದು ಸಹಜವಾದ ಹಕ್ಕೆಂದು ನಾವು ವೇದಿಕೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಆದರೆ ನಮ್ಮ ಕೈಗೆ ಹಿಡಿಯಲು ಸಿಕ್ಕಿದ್ದು 1956ರ ತಿದ್ದುಪಡಿಯಲ್ಲಿ ಸೇರಿದ 350ಎ ವಿಧಿ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ‘ಪ್ರಯತ್ನಿಸಬೇಕು’ ಎಂಬ ಪದ ಎಷ್ಟು ಸಡಿಲವೆಂಬುದು ನಮಗೆ ಗೊತ್ತು. ಖನ್ನಾ ಅವರ ಎರಡು ಬರಹಗಳಿಂದ ನಮಗೆ ಎರಡು ಪಾಠಗಳಿವೆ. ಹಕ್ಕು ಸಹಜವೆಂದು ನಂಬಿ ಸುಮ್ಮನಿದ್ದರೆ ಸಾಲದು, ಅದನ್ನು ಬರೆಯಿಸಬೇಕು, ಬರೆದುದನ್ನು ಬಿಗಿಗೊಳಿಸಬೇಕು. ಬರೆದ ಸಾಲು ಸಡಿಲವಾದ ಮಾತ್ರಕ್ಕೆ ಅದರ ಹಿಂದಿರುವ ನ್ಯಾಯವೂ ಸಡಿಲವಾಯಿತೆಂದು ಒಪ್ಪಲೂಬಾರದು.